ಸೂಕಿನಲ್ಲಿ ಉಳಿದ ರೂಪಾಯಿ

ಟಿಕೇಟಿನ ದರ ಏರಿ ಆ ಬೇಸಿಗೆ ನಮಗೆ ಊರಿಗೆ ಹೋಗಲಾಗಲಿಲ್ಲ. ಜುಲೈ ತಿಂಗಳ ಬಹರೈನಿನಲ್ಲಿ ಸುತ್ತಾಟವೆಲ್ಲ ಹೊತ್ತು ಮುಳುಗಿದ ಮೇಲೆಯೇ ತಾನೆ! ಒಂದು ಸಂಜೆ, ಮುಖ ಊದಿಸಿಕೊಂಡಿದ್ದ ಮಕ್ಕಳನ್ನು ಕರೆದುಕೊಂಡು ಬಾಬ್ ಅಲ್ ಬಹರೈನ್ ದಾಟಿ ಮನಾಮಾದ ಹಳೆಯ ಸೂಕಿಗೆ ಹೋದೆವು. ಖರ್ಜೂರದ ಅಂಗಡಿಯ ಮುದುಕ ಅರ್ಧ ದಿನಾರಿಗೆ 'ಖಮ್ಸ್ ರುಬ್ಬಿಯಾತ್' ಎಂದ. ಐದು ರೂಪಾಯಿ! ಮಕ್ಕಳು ನಕ್ಕರು.

ಆದರೆ ಮುದುಕನ ಲೆಕ್ಕ ಸರಿಯಾಗಿಯೇ ಇತ್ತು. ಇಲ್ಲಿಯ ಮುತ್ತು ಬೊಂಬಾಯಿಯ ಪೇಟೆಯನ್ನು ನೆಚ್ಚಿಕೊಂಡಿದ್ದ ಕಾಲದಲ್ಲೂ, 1932ರಲ್ಲಿ ಎಣ್ಣೆ ಸಿಕ್ಕ ಮೇಲೂ, ಈ ಸೂಕಿನಲ್ಲಿ ಓಡುತ್ತಿದ್ದುದು ನಮ್ಮ ರೂಪಾಯಿಯೇ. ಆ ರೂಪಾಯಿಯಿಂದ ಕೊಂಡ ಚಿನ್ನ ಕಳ್ಳದಾರಿಯಲ್ಲಿ ಭಾರತ ಸೇರಿ, ದೇಶದ ವಿದೇಶಿ ವಿನಿಮಯ ಸೋರತೊಡಗಿತು. ಅದನ್ನು ತಡೆಯಲು 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿಗೆಂದೇ ಬೇರೆ ಬಣ್ಣದ ನೋಟುಗಳನ್ನು ಹೊರಡಿಸಿತು. 1965ರಲ್ಲಿ ದಿನಾರು ಬಂತು, ಹತ್ತು ರೂಪಾಯಿಗೆ ಒಂದರಂತೆ. ಹೀಗೆ ನೂರು ಫಿಲ್ಸ್ ಹಳಬರ ಬಾಯಲ್ಲಿ ಇನ್ನೂ ರುಬ್ಬಿಯಾ.

ನಮ್ಮವರು ಇಲ್ಲಿ ಕನ್ನಡ ಸಂಘ ಕಟ್ಟಿದ್ದು 1977ರಲ್ಲಿ, ರೂಪಾಯಿ ಹೋಗಿ ಹನ್ನೆರಡು ವರ್ಷಗಳ ಮೇಲೆ. ಸಂಬಳ ಕೈಗೆ ಬಂದೊಡನೆ ದಿನಾರನ್ನು ರೂಪಾಯಿಗೆ ಗುಣಿಸಿ ನೋಡುವ ನಮಗೆ ಈ ಸಂಗತಿ ಇಷ್ಟು ವರ್ಷ ತಿಳಿದೇ ಇರಲಿಲ್ಲ. ಮರುವಾರದಿಂದ ನಮ್ಮ ಕಿರಿಯವಳು ಕರಕ್ ಚಹಾಕ್ಕೆ ಎರಡು ರುಬ್ಬಿಯಾ ಕೇಳತೊಡಗಿದಳು.