ಒಂದೇ ಹೆಸರಿನ ಇಬ್ಬರು: ಟೆಕ್ ಭಾಷೆಯ ಕಥೆ

ನಮ್ಮ ಹಾಜರಿ ಪುಸ್ತಕದಲ್ಲಿ ಒಂದೇ ಹೆಸರಿನ ಇಬ್ಬರು ಮಕ್ಕಳಿದ್ದರೆ ಇನಿಷಿಯಲ್ ಸೇರಿಸಿ ಕರೆಯುತ್ತೇವೆ. ಪುಸ್ತಕದ ಪುಟ ಜೋಡಿಸಲೆಂದು ಹುಟ್ಟಿದ 'ಟೆಕ್' ಎಂಬ ಕಂಪ್ಯೂಟರ್ ಭಾಷೆಗೂ ಇದೇ ತೊಡಕು ಬಂದಿತ್ತು.

ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೊನಾಲ್ಡ್ ಕನೂತ್ ಅವರು 1977ರಲ್ಲಿ ತಮ್ಮ ಪುಸ್ತಕದ ಕರಡಚ್ಚು ನೋಡಿ ಬೇಸರಗೊಂಡು ಈ ಭಾಷೆಯನ್ನು ಕಟ್ಟಲು ತೊಡಗಿದರು. ಇದರಲ್ಲಿ ಆಜ್ಞೆಯ ಹೆಸರು ಬ್ಯಾಕ್‌ಸ್ಲ್ಯಾಶ್ (\) ಚಿಹ್ನೆಯಿಂದ ಶುರುವಾಗುತ್ತದೆ. ಹೊಸ ಆಜ್ಞೆ ಬೇಕಾದರೆ 'ಡೆಫ್' ಬಳಸಿ ನಾವೇ ಹೆಸರಿಡಬಹುದು. ಆ ಹೆಸರು ಮೊದಲೇ ಇದ್ದರೆ? ಹಳೆಯ ಅರ್ಥ ಅಳಿಸಿಹೋಗುತ್ತದೆ. ಯಂತ್ರ ತುಟಿ ಬಿಚ್ಚುವುದಿಲ್ಲ.

ಕನ್ನಡವನ್ನು ರೋಮನ್ ಲಿಪಿಯಲ್ಲಿ ಬರೆಯುವವರಿಗೆ ಇದರ ಬಿಸಿ ಹೇಗೆ ತಟ್ಟುತ್ತದೆ ನೋಡಿ. ಟ, ಡ, ಣ, ಳ ಬೇಕೆಂದರೆ ಅಕ್ಷರದ ಕೆಳಗೆ ಚುಕ್ಕೆ ಇಡಬೇಕು. ಟೆಕ್‌ನಲ್ಲಿ ಆ ಚುಕ್ಕೆಯ ಆಜ್ಞೆಗೆ ಬರೀ 'ಡಿ' ಎಂಬ ಒಂದಕ್ಷರದ ಹೆಸರು. ಕಲನಶಾಸ್ತ್ರದ 'ಡಿ' ಬರೆಯಲು ಯಾರಾದರೂ ಅದೇ ಹೆಸರಿಗೆ ಡೆಫ್ ಮಾಡಿದರೋ, 'ಹಳ್ಳಿ' ಎಂಬಲ್ಲಿ ಚುಕ್ಕೆಗಳು ಮಾಯವಾಗಿ ಪ್ರತಿ 'ಎಲ್' ಅಕ್ಷರದ ಹಿಂದೆ ಒಂದೊಂದು 'ಡಿ' ಬಂದು ಕೂರುತ್ತದೆ! ಪುಟ ಕೈಗೆ ಬಂದ ಮೇಲೆಯೇ ಗೊತ್ತಾಗುವುದು.

ಇಂಥ ಅಪಘಾತದಿಂದ ತಮ್ಮ ಒಳಗಿನ ಆಜ್ಞೆಗಳನ್ನು ಕಾಯಲು ಕನೂತ್ ಮಾಡಿದ ಉಪಾಯ ನಮಗಂತೂ ಬಹಳ ಇಷ್ಟ. ಅವರ 'ಪ್ಲೇನ್ ಟೆಕ್' ಕಡತದ ಆರಂಭದಲ್ಲಿ @ ಚಿಹ್ನೆಯೂ ಒಂದು ಅಕ್ಷರವೆಂದು ಯಂತ್ರಕ್ಕೆ ಹೇಳಿ, ಒಳಗಿನ ಹೆಸರುಗಳಲ್ಲಿ ಅದನ್ನು ಸೇರಿಸಿದರು. ಕಡತದ ಕೊನೆಗೆ, ಇನ್ನು @ ಅಕ್ಷರವಲ್ಲ ಎಂದುಬಿಟ್ಟರು. ಆಮೇಲೆ ನಾವು ಅಂಥ ಹೆಸರನ್ನು ಟೈಪ್ ಮಾಡಿದರೂ, @ ಬಂದಲ್ಲಿಗೆ ಹೆಸರು ಮುಗಿಯಿತೆಂದೇ ಯಂತ್ರ ತಿಳಿಯುತ್ತದೆ.

1980ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಅವರು ಟೆಕ್ ಮೇಲೆ ಕಟ್ಟಿದ 'ಲೇಟೆಕ್'ನಲ್ಲಿ 'ನ್ಯೂಕಮಾಂಡ್' ಬಂತು. ಹೆಸರು ಮೊದಲೇ ಇದ್ದರೆ ಅದು ತಪ್ಪೆಂದು ಕೂಗಿ ಹೇಳುತ್ತದೆ. ಬೇಕೆಂದೇ ಬದಲಿಸುವವರು 'ರಿನ್ಯೂಕಮಾಂಡ್' ಎನ್ನಬೇಕು.

ಆದರೆ ಬೇರೆ ಬೇರೆ ಊರಿನವರು ಬರೆದ ಪ್ಯಾಕೇಜುಗಳು ಒಂದೇ ಪುಸ್ತಕಕ್ಕೆ ಸೇರಿದಾಗ @ ಸಾಲದು. ಎಲ್ಲರೂ ಅದನ್ನೇ ಬಳಸುವವರು. ಕೊನೆಗೆ ನೆರವಾದದ್ದು ನಮ್ಮ ಹಾಜರಿ ಪುಸ್ತಕದ ಇನಿಷಿಯಲ್: ಆಜ್ಞೆಯ ಹೆಸರಿನ ಮುಂದೆ ಪ್ಯಾಕೇಜಿನ ಹೆಸರು. 2020ರಲ್ಲಿ ಲೇಟೆಕ್‌ನ ತಿರುಳಿಗೇ ಸೇರಿದ 'ಎಕ್ಸ್‌ಪಿಎಲ್3' ಇದನ್ನೇ ಪದ್ಧತಿಯಾಗಿಸಿದೆ.

ಹಳೆಯ ಡೆಫ್ ಮಾತ್ರ ಇಂದಿಗೂ ಸದ್ದಿಲ್ಲದೆ ಅಳಿಸುತ್ತದೆ. ಬೇರೆಯವರು ಕೊಟ್ಟ ಟೆಕ್ ಕಡತ ತೆರೆದಾಗ ನಾವು ಮೊದಲು ಹುಡುಕುವುದು ಒಂದಕ್ಷರದ ಹೆಸರುಗಳನ್ನೇ.