ಪುರುಷ ಹಾರ್ಮೋನು ಮತ್ತು ಅದರ ರಿಸೆಪ್ಟರ್: ಒಂದೂವರೆ ಶತಮಾನದ ಶೋಧದ ಕಥೆ

ಮದುವೆಯಾಗಿ ಎರಡು ಮೂರು ವರ್ಷ ಕಳೆದರೂ ಮನೆಯಲ್ಲಿ ತೊಟ್ಟಿಲು ಕಟ್ಟದಿದ್ದರೆ ನಮ್ಮಲ್ಲಿ ಮೊದಲು ವೈದ್ಯರ ಬಳಿಗೆ ಹೋಗುವವಳು ಸೊಸೆ. ಅವಳಿಗೆ ಎಲ್ಲ ಪರೀಕ್ಷೆಗಳೂ ಆಗುತ್ತವೆ. ಮಗನನ್ನೂ ಒಮ್ಮೆ ತೋರಿಸಿ ಎಂದು ವೈದ್ಯರು ಹೇಳಿದರೆ ಮನೆಯವರ ಮುಖ ಸಪ್ಪಗಾಗುತ್ತದೆ. ಮೀಸೆ ಗಡ್ಡ ಚೆನ್ನಾಗಿ ಬಂದಿದೆ, ದೇಹ ಗಟ್ಟಿಯಾಗಿದೆ, ಅವನಿಗೇನಾಗಿದೆ ಎಂಬ ಮಾತು ಬರುತ್ತದೆ. ಆದರೆ ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಪುರುಷನ ಕಡೆಯ ಕಾರಣವೂ ಸೇರಿರುತ್ತದೆ. ಗಡ್ಡ ಮೀಸೆಗೂ ವೀರ್ಯಾಣುಗಳ ಉತ್ಪತ್ತಿಗೂ ಇರುವ ಸಂಬಂಧ ನಾವು ತಿಳಿದುಕೊಂಡಷ್ಟು ಸರಳವಲ್ಲ. ಅದನ್ನು ಬಿಡಿಸಿ ತೋರಿಸಲು ವಿಜ್ಞಾನಕ್ಕೆ ನೂರೈವತ್ತು ವರ್ಷ ಬೇಕಾಯಿತು.

ಹೋರಿಯ ಬೀಜ ಒಡೆದರೆ ಅದು ಸಾಧು ಎತ್ತಾಗುತ್ತದೆ ಎಂಬುದು ನಮ್ಮ ರೈತರಿಗೆ ಯಾವ ಪುಸ್ತಕವೂ ಕಲಿಸಬೇಕಾಗಿರಲಿಲ್ಲ. ಏಕೆ ಹಾಗಾಗುತ್ತದೆ ಎಂದು ಪ್ರಯೋಗ ಮಾಡಿ ನೋಡಿದವರು ಜರ್ಮನಿಯ ಗೋಟಿಂಗೆನ್ ವಿಶ್ವವಿದ್ಯಾನಿಲಯದ ಆರ್ನಾಲ್ಡ್ ಬೆರ್ಟೋಲ್ಡ್. ಅವರ ಬಳಿ ಇದ್ದುದು ಆರೇ ಆರು ಹುಂಜದ ಮರಿಗಳು. ಎರಡರ ವೃಷಣಗಳನ್ನು ಪೂರ್ತಿ ತೆಗೆದರು. ಅವುಗಳ ಜುಟ್ಟು ಬೆಳೆಯಲಿಲ್ಲ, ಕೂಗಲಿಲ್ಲ, ಕಾದಾಡಲಿಲ್ಲ. ಉಳಿದ ನಾಲ್ಕರಲ್ಲಿ ವೃಷಣವನ್ನು ಅದರ ಸ್ಥಾನದಿಂದ ಬಿಡಿಸಿ ಹೊಟ್ಟೆಯೊಳಗೇ ಬಿಟ್ಟರು. ಎರಡಕ್ಕೆ ತಮ್ಮದೇ ವೃಷಣ, ಇನ್ನೆರಡಕ್ಕೆ ಪರಸ್ಪರ ಬದಲಾಯಿಸಿದ್ದು. ಈ ನಾಲ್ಕೂ ಸಾಮಾನ್ಯ ಹುಂಜಗಳಂತೆಯೇ ಬೆಳೆದವು. ಕೊನೆಗೆ ಕೊಯ್ದು ನೋಡಿದಾಗ ಹೊಸ ರಕ್ತನಾಳಗಳು ವೃಷಣಕ್ಕೆ ಬೆಸೆದುಕೊಂಡಿದ್ದವು, ಹಳೆಯ ನರಗಳ ಸಂಪರ್ಕ ಮಾತ್ರ ಇರಲಿಲ್ಲ. ಅಂದರೆ ವೃಷಣ ತನ್ನ ಸಂದೇಶವನ್ನು ನರದ ಮೂಲಕವಲ್ಲ, ರಕ್ತದ ಮೂಲಕ ಕಳಿಸುತ್ತದೆ. 1849ರಲ್ಲಿ ಪ್ರಕಟವಾದ ಈ ವರದಿ ನಾಲ್ಕೇ ಪುಟಗಳದ್ದು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಅದರ ಬದಲು ಜಗತ್ತು ಕಿವಿಗೊಟ್ಟದ್ದು ಇನ್ನೊಬ್ಬರ ಮಾತಿಗೆ. 1889ರ ಜೂನ್ 1ರಂದು ಪ್ಯಾರಿಸ್‌ನಲ್ಲಿ 72 ವರ್ಷದ ಪ್ರಸಿದ್ಧ ವೈದ್ಯ ಬ್ರೌನ್ ಸೆಕಾರ್, ನಾಯಿ ಮತ್ತು ಗಿನಿ ಇಲಿಗಳ ವೃಷಣದ ರಸವನ್ನು ತಮಗೇ ಚುಚ್ಚಿಕೊಂಡು ಯೌವನ ಮರಳಿತೆಂದು ಸಾರಿದರು. ಕೂಡಲೇ ಅಂತಹ ರಸಗಳ ವ್ಯಾಪಾರ ಎಲ್ಲೆಡೆ ಜೋರಾಯಿತು. ಅವರು ನೀರಿನಲ್ಲಿ ತೆಗೆದ ಆ ರಸದಲ್ಲಿ ಪರಿಣಾಮ ಬೀರುವಷ್ಟು ಹಾರ್ಮೋನು ಇರಲು ಸಾಧ್ಯವೇ ಇರಲಿಲ್ಲ ಎಂಬುದು ಈಗ ಗೊತ್ತಾಗಿದೆ. ಆರು ಹುಂಜಗಳ ಸತ್ಯಕ್ಕೆ ಇಲ್ಲದ ಗಿರಾಕಿ ಈ ರಸಕ್ಕೆ ಸಿಕ್ಕಿತು. ಗೋಡೆಗಳ ಮೇಲೆ ಇಂದಿಗೂ ಕಾಣುವ 'ಪುರುಷತ್ವ' ಜಾಹೀರಾತುಗಳನ್ನು ನೋಡಿದರೆ ಆ ವ್ಯಾಪಾರ ನಿಂತಿದೆ ಎನ್ನಲಾಗದು.

'ಹಾರ್ಮೋನು' ಎಂಬ ಹೆಸರು ಬಂದದ್ದು 1905ರಲ್ಲಿ, ಲಂಡನ್ನಿನ ಅರ್ನೆಸ್ಟ್ ಸ್ಟಾರ್ಲಿಂಗ್ ಅವರಿಂದ. ವೃಷಣದ ಹಾರ್ಮೋನನ್ನು ಶುದ್ಧ ರೂಪದಲ್ಲಿ ಪಡೆದದ್ದು 1935ರಲ್ಲಿ. ಆಮ್‌ಸ್ಟರ್‌ಡ್ಯಾಮ್‌ನ ಲಾಕರ್ ಅವರ ತಂಡ ಸುಮಾರು 100 ಕಿಲೋ ಹೋರಿ ವೃಷಣಗಳಿಂದ 10 ಮಿಲಿಗ್ರಾಂ ಹರಳು ತೆಗೆದು ಅದಕ್ಕೆ ಟೆಸ್ಟೊಸ್ಟೆರೋನ್ ಎಂದು ಹೆಸರಿಟ್ಟಿತು. ಅದೇ ವರ್ಷ ಬುಟೆನಾಂಟ್ ಮತ್ತು ರುಜಿಕ ಅದನ್ನು ಕೊಲೆಸ್ಟರಾಲಿನಿಂದ ತಯಾರಿಸಿ ತೋರಿಸಿದರು. 1939ರ ರಸಾಯನಶಾಸ್ತ್ರದ ನೊಬೆಲ್ ಇವರಿಬ್ಬರಿಗೆ ಹಂಚಿಕೆಯಾಯಿತು. ಬುಟೆನಾಂಟ್ ಅದನ್ನು ಸ್ವೀಕರಿಸಲು ನಾಜಿ ಸರಕಾರ ಬಿಡಲಿಲ್ಲ ಎಂಬುದು ಬೇರೆ ಕಥೆ.

ಈಗ ತಾವೇ ಒಂದು ಪ್ರಶ್ನೆ ಕೇಳಿಕೊಳ್ಳಿ. ರಕ್ತ ದೇಹದ ಎಲ್ಲ ಕಡೆಗೂ ಹರಿಯುತ್ತದೆ. ಹಾಗಿದ್ದರೆ ಅದೇ ಹಾರ್ಮೋನಿಗೆ ಹುಂಜದ ಜುಟ್ಟು ಬೆಳೆಯುತ್ತದೆ, ಕೊಕ್ಕು ಏಕೆ ಬೆಳೆಯುವುದಿಲ್ಲ? ಉತ್ತರದ ದಾರಿ ತೋರಿಸಿದವರು ಷಿಕಾಗೋದ ಎಲ್ವುಡ್ ಜೆನ್ಸನ್. 1950ರ ದಶಕದ ಕೊನೆಯಲ್ಲಿ ಅವರು ಸ್ತ್ರೀ ಹಾರ್ಮೋನಾದ ಈಸ್ಟ್ರೋಜನ್ನಿಗೆ ವಿಕಿರಣಶೀಲ ಗುರುತು ಹಚ್ಚಿ ಎಳೆಯ ಹೆಣ್ಣು ಇಲಿಗಳಿಗೆ ಕೊಟ್ಟರು. ಸ್ನಾಯುಗಳಿಗೆ ಬಂದ ಹಾರ್ಮೋನು ಅಲ್ಲಿ ನಿಲ್ಲದೆ ಹೋಯಿತು, ಗರ್ಭಕೋಶ ಮಾತ್ರ ಅದನ್ನು ಹಿಡಿದಿಟ್ಟುಕೊಂಡಿತು. ಹಿಡಿದಿಡುವ ಆ ಪ್ರೋಟೀನೇ ರಿಸೆಪ್ಟರ್. ಕನ್ನಡದಲ್ಲಿ 'ಗ್ರಾಹಕ' ಎನ್ನುವುದುಂಟು. ಅಂಗಡಿಯ ಗ್ರಾಹಕನ ನೆನಪಾಗದಿರಲೆಂದು ಇಲ್ಲಿ ರಿಸೆಪ್ಟರ್ ಎಂದೇ ಬರೆದಿದ್ದೇನೆ.

ಪುರುಷ ಹಾರ್ಮೋನಿನ ಸರದಿ ಬಂದದ್ದು 1968ರಲ್ಲಿ. ಡಲ್ಲಾಸ್‌ನಲ್ಲಿ ಬ್ರುಕೋವ್‌ಸ್ಕಿ ಮತ್ತು ವಿಲ್ಸನ್, ಷಿಕಾಗೋದಲ್ಲಿ ಲಿಯಾವೊ ಅವರ ತಂಡ, ಪ್ರಾಸ್ಟೇಟ್ ಗ್ರಂಥಿಯಲ್ಲಿ ಟೆಸ್ಟೊಸ್ಟೆರೋನ್ ಮೊದಲು ಡೈಹೈಡ್ರೊಟೆಸ್ಟೊಸ್ಟೆರೋನ್ ಆಗಿ ಮಾರ್ಪಟ್ಟು ಜೀವಕೋಶದ ಕೇಂದ್ರದೊಳಗೆ ಸೇರುತ್ತದೆಂದು ಕಂಡುಕೊಂಡರು. ಅದನ್ನು ಹಿಡಿಯುವ ಆಂಡ್ರೋಜನ್ ರಿಸೆಪ್ಟರಿನ ಜೀನ್ 1988ರಲ್ಲಿ ದೊರೆಯಿತು. ವಿಶೇಷವೆಂದರೆ ಆ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡಿಗೆ ಎಕ್ಸ್ ಬರುವುದು ತಾಯಿಯಿಂದ ಮಾತ್ರ. ಗಂಡಸುತನ ತಂದೆಯ ಕಡೆಯ ಆಸ್ತಿ ಎಂದು ಬೀಗುವವರು ಇದನ್ನು ಗಮನಿಸಬೇಕು.

ಈ ಜೀನ್ ಪೂರ್ತಿ ಕೆಟ್ಟರೆ ಏನಾಗುತ್ತದೆ? ಅಮೆರಿಕದ ವೈದ್ಯ ಜಾನ್ ಮಾರಿಸ್ 1953ರಲ್ಲೇ ಅಂತಹ 82 ಪ್ರಕರಣಗಳನ್ನು ಒಟ್ಟುಗೂಡಿಸಿ ಬರೆದಿದ್ದರು. ನೋಡಲು ಹೆಣ್ಣು, ಬೆಳೆದದ್ದು ಹೆಣ್ಣಾಗಿ, ಆದರೆ ಮುಟ್ಟಾಗುವುದಿಲ್ಲ. ಹೊಟ್ಟೆಯೊಳಗೆ ವೃಷಣಗಳಿವೆ, ವರ್ಣತಂತು ಎಕ್ಸ್ ವೈ. ರಕ್ತದಲ್ಲಿ ಟೆಸ್ಟೊಸ್ಟೆರೋನ್ ಬೇಕಾದಷ್ಟಿದೆ, ಆದರೆ ಅದನ್ನು ಹಿಡಿಯುವ ರಿಸೆಪ್ಟರ್ ಇಲ್ಲ. ಇಂತಹ ಹುಡುಗಿಯರನ್ನು ಶಾಪಗ್ರಸ್ತರೆಂದು ದೂರವಿಡುವ, ಅವಸರದಲ್ಲಿ ಮದುವೆ ಮಾಡಿ ನಂತರ ತವರಿಗೆ ಅಟ್ಟುವ ಮನೆಗಳಿವೆ. ಒಂದು ಜೀನಿನ ವ್ಯತ್ಯಾಸಕ್ಕೆ ಆ ಮಗು ಏನು ಮಾಡೀತು?

ಈಸ್ಟ್ರೋಜನ್ ಕಥೆ ಇನ್ನೂ ಸ್ವಾರಸ್ಯಕರ. 1934ರಲ್ಲಿ ಬೆರ್ನಾರ್ಡ್ ಝೋಂಡೆಕ್ ಗಂಡು ಕುದುರೆಯ ಮೂತ್ರದಲ್ಲಿ ಈ 'ಸ್ತ್ರೀ' ಹಾರ್ಮೋನು ಹೇರಳವಾಗಿರುವುದನ್ನು ವರದಿ ಮಾಡಿದರು. ಗಂಡಿಗೆ ಅದರಿಂದ ಏನು ಪ್ರಯೋಜನ ಎಂಬ ಪ್ರಶ್ನೆ ಅರವತ್ತು ವರ್ಷ ಹಾಗೇ ಉಳಿಯಿತು. 1993ರಲ್ಲಿ ಈಸ್ಟ್ರೋಜನ್ ರಿಸೆಪ್ಟರ್ ಇಲ್ಲದ ಇಲಿಗಳನ್ನು ಸೃಷ್ಟಿಸಿದಾಗ ಗಂಡು ಇಲಿಗಳೂ ಸಂತಾನಹೀನವಾದವು. 1994ರಲ್ಲಿ ಅಮೆರಿಕದಲ್ಲಿ ಅದೇ ರಿಸೆಪ್ಟರ್ ಕೆಟ್ಟ 28 ವರ್ಷದ ಪುರುಷನೊಬ್ಬನ ವಿವರ ಪ್ರಕಟವಾಯಿತು. ಆ ವಯಸ್ಸಿನಲ್ಲೂ ಅವನ ಎಲುಬುಗಳ ತುದಿ ಬೆಸೆದಿರಲಿಲ್ಲ, ಎತ್ತರ ಬೆಳೆಯುತ್ತಲೇ ಇತ್ತು. 1996ರಲ್ಲಿ ಎರಡನೆಯ ಬಗೆಯ ಈಸ್ಟ್ರೋಜನ್ ರಿಸೆಪ್ಟರ್ ಸಿಕ್ಕಿತು, ಅದೂ ಎಲ್ಲಿ? ಗಂಡು ಇಲಿಯ ಪ್ರಾಸ್ಟೇಟಿನಲ್ಲಿ! ಮರುವರ್ಷ ರೆಕ್ಸ್ ಹೆಸ್ ಮತ್ತು ಸಂಗಡಿಗರು ಕಾರಣ ವಿವರಿಸಿದರು. ವೃಷಣದಿಂದ ಹೊರಡುವ ಸಣ್ಣ ನಾಳಗಳಲ್ಲಿ ದ್ರವವನ್ನು ಹೀರಿ ವೀರ್ಯಾಣುಗಳನ್ನು ದಟ್ಟಗೊಳಿಸುವ ಕೆಲಸಕ್ಕೆ ಈಸ್ಟ್ರೋಜನ್ ರಿಸೆಪ್ಟರ್ ಬೇಕು. ಅದಿಲ್ಲದ ಇಲಿಗಳಲ್ಲಿ ದ್ರವ ಕಟ್ಟಿಕೊಂಡು ವೃಷಣವೇ ಹಾಳಾಗುತ್ತಿತ್ತು.

ಇದಕ್ಕೆ ನಮ್ಮ ರಾಜ್ಯದ ಪಾಲೂ ಉಂಟು. ವೀರ್ಯಾಣು ಉತ್ಪತ್ತಿಗೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಎರಡು ಹಾರ್ಮೋನುಗಳು ಬರುತ್ತವೆ. ಎಲ್‌ಎಚ್ ಎಂಬುದರ ರಿಸೆಪ್ಟರ್ ವೃಷಣದ ಲೇಡಿಗ್ ಕೋಶಗಳಲ್ಲಿದ್ದು ಅಲ್ಲಿ ಟೆಸ್ಟೊಸ್ಟೆರೋನ್ ತಯಾರಾಗುತ್ತದೆ; ಎಫ್‌ಎಸ್‌ಎಚ್‌ನ ರಿಸೆಪ್ಟರ್ ವೀರ್ಯಾಣುಗಳನ್ನು ಪೋಷಿಸುವ ಸರ್ಟೋಲಿ ಕೋಶಗಳಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಅವರ ತಂಡ ನಮ್ಮ ಊರುಗಳಲ್ಲಿ ಕಾಣುವ ಅದೇ ಜಾತಿಯ ಗಂಡು ಕೋತಿಗಳಿಗೆ ಎಫ್‌ಎಸ್‌ಎಚ್ ವಿರುದ್ಧ ಲಸಿಕೆ ಕೊಟ್ಟು, ಟೆಸ್ಟೊಸ್ಟೆರೋನ್ ಕುಗ್ಗದೆಯೇ ಅವು ಸಂತಾನಶಕ್ತಿ ಕಳೆದುಕೊಳ್ಳುವುದನ್ನು ತೋರಿಸಿತು. 1997ರಲ್ಲಿ ಕೆಲವು ಸ್ವಯಂಸೇವಕ ಪುರುಷರ ಮೇಲಿನ ಪ್ರಾಥಮಿಕ ಪರೀಕ್ಷೆಯ ಫಲಿತಾಂಶವೂ ಪ್ರಕಟವಾಯಿತು. ಆದರೆ ಅದೇ ವರ್ಷ ಫಿನ್ಲೆಂಡಿನಿಂದ, ಎಫ್‌ಎಸ್‌ಎಚ್ ರಿಸೆಪ್ಟರ್ ಹುಟ್ಟಿನಿಂದಲೇ ಕೆಟ್ಟಿದ್ದ ಪುರುಷರಲ್ಲಿ ಕೆಲವರಿಗೆ ಮಕ್ಕಳಾಗಿರುವ ವರದಿ ಬಂತು. ಲಸಿಕೆ ಮಾರುಕಟ್ಟೆಗೆ ಬರಲಿಲ್ಲ.

ವ್ಯಾಯಾಮಶಾಲೆಗೆ ಹೋಗುವ ನಮ್ಮ ಹುಡುಗರು ಇಷ್ಟನ್ನು ತಿಳಿದಿರಲಿ. ವೃಷಣದೊಳಗೆ ಟೆಸ್ಟೊಸ್ಟೆರೋನ್ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚಿರುತ್ತದೆ, ವೀರ್ಯಾಣುಗಳಿಗೆ ಬೇಕಾದದ್ದು ಅದು. ತೋಳು ದಪ್ಪವಾಗಲೆಂದು ಹೊರಗಿನಿಂದ ಇಂಜೆಕ್ಷನ್ ತೆಗೆದುಕೊಂಡರೆ ರಕ್ತದಲ್ಲಿ ಸಾಕಷ್ಟಿದೆ ಎಂದು ಮೆದುಳು ಎಲ್‌ಎಚ್ ಮತ್ತು ಎಫ್‌ಎಸ್‌ಎಚ್‌ಗಳನ್ನು ತಡೆಹಿಡಿಯುತ್ತದೆ, ವೃಷಣದೊಳಗಿನ ಉತ್ಪತ್ತಿ ಬತ್ತುತ್ತದೆ. ಹೊರಗೆ ಸ್ನಾಯು, ಗಡ್ಡ ಎಲ್ಲ ಸೊಂಪಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಗರ್ಭನಿರೋಧಕವಾಗಿ ಪರೀಕ್ಷಿಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿತು: ಏಳು ದೇಶಗಳ 271 ಆರೋಗ್ಯವಂತ ಪುರುಷರಿಗೆ ವಾರಕ್ಕೊಮ್ಮೆ ಟೆಸ್ಟೊಸ್ಟೆರೋನ್ ಚುಚ್ಚಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಯ ವೀರ್ಯದಲ್ಲಿ ಒಂದು ವೀರ್ಯಾಣುವೂ ಉಳಿಯಲಿಲ್ಲ. ಇಂಜೆಕ್ಷನ್ ನಿಲ್ಲಿಸಿದ ಮೇಲೆ ಅವು ಮರಳಿ ಬರಲು ತಿಂಗಳುಗಳೇ ಹಿಡಿದವು. ಸೊಸೆಯ ಫೈಲು ದಪ್ಪವಾಗುವ ಮೊದಲು ಮಗನ ವೀರ್ಯ ಪರೀಕ್ಷೆ ಒಂದು ಮಾಡಿಸಿದರೆ ಇದೆಲ್ಲ ಒಂದೇ ದಿನದಲ್ಲಿ ಗೊತ್ತಾಗುತ್ತದೆ.