ಪರಮಾಣುಬೀಜದ ಕಲ್ಪನೆಗೆ ಮನ್ನಣೆ ದೊರೆತ ಬಗೆ

ಭೌತಶಾಸ್ತ್ರದ ಪಠ್ಯಗ್ರಂಥಗಳಲ್ಲಿ ಪರಮಾಣುರಚನೆಯ ಇತಿಹಾಸವು ಸಾಮಾನ್ಯವಾಗಿ ಮೂರು ವಾಕ್ಯಗಳಲ್ಲಿ ಮುಗಿಯುತ್ತದೆ. ಪರಮಾಣುವೆಂಬುದು ಧನವಿದ್ಯುತ್ತಿನ ಗೋಳ, ಅದರೊಳಗೆ ಎಲೆಕ್ಟ್ರಾನುಗಳು ಹುದುಗಿರುತ್ತವೆ ಎಂದು ಥಾಮ್ಸನ್ನನು ಭಾವಿಸಿದನು. ಗೈಗರ್ ಮತ್ತು ಮಾರ್ಸ್‌ಡನ್ ಲೋಹದ ಹಾಳೆಗಳ ಮೇಲೆ ಆಲ್ಫಕಣಗಳನ್ನು ಹಾಯಿಸಿದಾಗ ಕೆಲವು ಹಿಂದಿರುಗಿದುವು. ಇದರಿಂದ ರದರ್‌ಫರ್ಡನು ಪರಮಾಣುಬೀಜವನ್ನು, ಎಂದರೆ ನ್ಯೂಕ್ಲಿಯಸನ್ನು, ಕಂಡುಹಿಡಿದನು. ಈ ವಾಕ್ಯಗಳಲ್ಲಿ ಒಂದೂ ಸುಳ್ಳಲ್ಲ. ಆದರೆ ಇವನ್ನು ಹೀಗೆ ಒಂದರ ಬೆನ್ನಿಗೊಂದು ಹೆಣೆದಾಗ, ಒಂದೇ ಪ್ರಯೋಗದಿಂದ ಹಳೆಯ ಸಿದ್ಧಾಂತವು ಬಿದ್ದು ಹೊಸದು ಎದ್ದು ನಿಂತಿತೆಂಬ ಭಾವನೆ ವಿದ್ಯಾರ್ಥಿಯ ಮನಸ್ಸಿನಲ್ಲಿ ನೆಲಸುತ್ತದೆ. ವಾಸ್ತವವಾಗಿ ನಡೆದುದು ಹಾಗಲ್ಲ.

1909ರಲ್ಲಿ ಮ್ಯಾಂಚೆಸ್ಟರಿನ ಪ್ರಯೋಗಶಾಲೆಯಲ್ಲಿ ಗೈಗರನೂ, ಇನ್ನೂ ವಿದ್ಯಾರ್ಥಿಯಾಗಿದ್ದ ಇಪ್ಪತ್ತು ವರ್ಷದ ಮಾರ್ಸ್‌ಡನ್ನನೂ, ಪ್ಲಾಟಿನಮ್ಮಿನ ಮೇಲೆ ಬಿದ್ದ ಆಲ್ಫಕಣಗಳಲ್ಲಿ ಸುಮಾರು 8,000ಕ್ಕೆ ಒಂದರಂತೆ ಹಿಂದಕ್ಕೆ ಮರಳುವುದನ್ನು ಎಣಿಸಿ ತೋರಿಸಿದರು. ಮರುವರ್ಷ ಗೈಗರನು ಅಳೆದಂತೆ, ತೆಳುವಾದ ಚಿನ್ನದ ಹಾಳೆಯನ್ನು ದಾಟುವ ಕಣವು ತಿರುಗುವ ಅತಿ ಸಂಭಾವ್ಯ ಕೋನ ಒಂದು ಡಿಗ್ರಿಗಿಂತಲೂ ಕಡಮೆ, 0.87 ಡಿಗ್ರಿ ಮಾತ್ರ. ಇಂಥ ಕಿರುತಿರುವುಗಳೇ ಹಲವು ಕೂಡಿ 90 ಡಿಗ್ರಿಯಾಗುವ ಸಂಭವ ಇಲ್ಲವೆನ್ನುವಷ್ಟು ಅಲ್ಪ. ಆದರೂ ಅಂಥ ಹಾಳೆಯಲ್ಲಿ ಸುಮಾರು 20,000ಕ್ಕೆ ಒಂದು ಕಣ ಅಷ್ಟು ತಿರುಗುತ್ತಿತ್ತು. ಈ ಎರಡು ಅಂಕಿಗಳ ನಡುವಣ ವೈಷಮ್ಯವೇ ರದರ್‌ಫರ್ಡನ ವಾದದ ತಿರುಳು. ಕಣವು ಒಂದೇ ಪರಮಾಣುವಿನ ಒಂದೇ ಸಂಘಟ್ಟನೆಯಲ್ಲಿ ಇಷ್ಟು ತಿರುಗಬೇಕಾದರೆ ಆ ಪರಮಾಣುವಿನ ಆವೇಶವು ಅತ್ಯಲ್ಪ ಸ್ಥಳದಲ್ಲಿ ಅಡಕವಾಗಿರಲೇಬೇಕು. ಈ ನಿರ್ಣಯವನ್ನು ಅವನು 1911ನೆಯ ಮಾರ್ಚಿ 7ರಂದು ಮ್ಯಾಂಚೆಸ್ಟರಿನ ಸಾಹಿತ್ಯ ಮತ್ತು ತತ್ತ್ವಶಾಸ್ತ್ರ ಸಂಘದ ಮುಂದಿಟ್ಟನು. (ನೂರು ವರ್ಷಗಳ ಹಿಂದೆ ಡಾಲ್ಟನ್ನನು ತನ್ನ ಪ್ರಬಂಧಗಳನ್ನು ಓದುತ್ತಿದ್ದುದೂ ಇದೇ ಸಂಘದಲ್ಲಿ.) ಸಮಗ್ರ ಲೇಖನವು ಮೇ ತಿಂಗಳ ‘ಫಿಲಸಾಫಿಕಲ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಆ ಲೇಖನವನ್ನು ಇಂದು ಓದುವವರಿಗೆ ಅದರ ಸಂಕೋಚ ಆಶ್ಚರ್ಯವನ್ನುಂಟುಮಾಡುತ್ತದೆ. ‘ನ್ಯೂಕ್ಲಿಯಸ್’ ಎಂಬ ಶಬ್ದವೇ ಅದರಲ್ಲಿಲ್ಲ, ‘ಕೇಂದ್ರಾವೇಶ’ವೆಂದಷ್ಟೇ ಇದೆ. ಆ ಆವೇಶವು ಧನವಾಗಿರಲಿ ಋಣವಾಗಿರಲಿ ಲೆಕ್ಕದ ಫಲ ಒಂದೇ ಎಂದು ಲೇಖಕನು ಒಪ್ಪಿಕೊಂಡಿದ್ದಾನೆ. ಚಿನ್ನದ ಕೇಂದ್ರಾವೇಶವು ಎಲೆಕ್ಟ್ರಾನಿನ ಆವೇಶದ ಸುಮಾರು 100ರಷ್ಟಿರಬಹುದೆಂಬುದು ಅವನ ಅಂದಾಜು. ಇಂಥ ಪರಮಾಣು ಉಳಿದೀತು ಹೇಗೆ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಎತ್ತಬೇಕಾಗಿಲ್ಲವೆಂದು ಬದಿಗಿರಿಸಿದ್ದಾನೆ. ಆದರೆ ಸಮಕಾಲೀನರಿಗೆ ಮುಖ್ಯವಾಗಿ ತೋರಬಹುದಾಗಿದ್ದುದು ಆ ಪ್ರಶ್ನೆಯೇ. ಕೇಂದ್ರದ ಸುತ್ತ ತಿರುಗುವ ಎಲೆಕ್ಟ್ರಾನು, ಅಂದಿನ ವಿದ್ಯುತ್ಕಾಂತ ಸಿದ್ಧಾಂತದ ಪ್ರಕಾರ, ಕಿರಣಗಳನ್ನು ಸೂಸುತ್ತ ಶಕ್ತಿಗುಂದಿ ಕೇಂದ್ರದೊಳಕ್ಕೆ ಬೀಳಲೇಬೇಕು. ಥಾಮ್ಸನ್ನನ ಗೋಳಕ್ಕೆ ಹೀಗೆ ಕುಸಿದುಬೀಳುವ ಭಯವಿರಲಿಲ್ಲ.

ಆದುದರಿಂದ 1911ರ ಮೌನ ನಮಗೆ ವಿಚಿತ್ರವೆನಿಸಬೇಕಾಗಿಲ್ಲ. ಆ ವರ್ಷದ ಶರತ್ಕಾಲದಲ್ಲಿ ಬ್ರಸೆಲ್ಸಿನಲ್ಲಿ ಸೇರಿದ ಮೊದಲನೆಯ ಸಾಲ್ವೇ ಸಮ್ಮೇಳನದಲ್ಲಿ ರದರ್‌ಫರ್ಡನು ಸ್ವತಃ ಉಪಸ್ಥಿತನಾಗಿದ್ದರೂ ಅದರ ವರದಿಯಲ್ಲಿ ಪರಮಾಣುಬೀಜದ ಪ್ರಸ್ತಾಪವಿಲ್ಲ. 1913ರ ಅಕ್ಟೋಬರಿನ ಎರಡನೆಯ ಸಮ್ಮೇಳನದಲ್ಲಿ ಪರಮಾಣುರಚನೆಯ ಮೇಲೆ ಪ್ರಬಂಧವನ್ನು ಮಂಡಿಸಿದವನು ಥಾಮ್ಸನ್ನನೇ, ಅದೂ ತನ್ನದೇ ಪ್ರತಿರೂಪವನ್ನು ಹಿಡಿದು. ಅಷ್ಟರಲ್ಲಿ ಗೈಗರ್–ಮಾರ್ಸ್‌ಡನ್ನರು 1,00,000ಕ್ಕೂ ಹೆಚ್ಚು ಮಿನುಗುಗಳನ್ನು ಕತ್ತಲೆಯಲ್ಲಿ ಕಣ್ಣಿನಿಂದ ಎಣಿಸಿ, 5 ಡಿಗ್ರಿಯಿಂದ 150 ಡಿಗ್ರಿಯವರೆಗೆ ರದರ್‌ಫರ್ಡನ ಸೂತ್ರ ಹೊಂದುವುದೆಂದು ತೋರಿಸಿದ್ದರು. ಅಷ್ಟಾದರೂ ಅದು ಆಲ್ಫಕಣಗಳ ಚದುರಿಕೆಯ ಸೂತ್ರವಾಗಿಯೇ ಉಳಿದಿತ್ತು.

ಅದನ್ನು ಆ ಸೀಮೆಯಿಂದ ಹೊರತಂದವನು ಬೋರ್. 1912ರಲ್ಲಿ ಮ್ಯಾಂಚೆಸ್ಟರಿಗೆ ಬಂದ ಈ ಡೇನಿಷ್ ತರುಣನು, ಕುಸಿದುಬೀಳುವ ದೋಷವನ್ನೇ ಹೊಸ ನಿಯಮದ ಅವಶ್ಯಕತೆಗೆ ಸಾಕ್ಷಿಯಾಗಿ ತೆಗೆದುಕೊಂಡು, 1913ರ ಜುಲೈನಲ್ಲಿ ಹೈಡ್ರೊಜನ್ನಿನ ರೋಹಿತರೇಖೆಗಳಿಗೆ ಕಾರಣ ಹೇಳಿದನು. ಇದು ಎಲ್ಲರಿಗೂ ತಿಳಿದ ಸಂಗತಿ. ಅದರ ಬೆನ್ನಿಗೇ ನಡೆದ ಒಂದು ಚರ್ಚೆಯನ್ನು ಮಾತ್ರ ನಮ್ಮ ಪುಸ್ತಕಗಳು ಬಹುಮಟ್ಟಿಗೆ ಬಿಟ್ಟುಬಿಡುತ್ತವೆ. ನಮ್ಮ ಎಣಿಕೆಯಲ್ಲಿ ಅದು ಚಿನ್ನದ ಹಾಳೆಗಿಂತ ಕಡಮೆಯ ಸಾಕ್ಷ್ಯವಲ್ಲ. ಪಿಕರಿಂಗನು ನಕ್ಷತ್ರವೊಂದರ ಬೆಳಕಿನಲ್ಲಿ ಕಂಡ ರೇಖೆಗಳನ್ನು ಅಂದು ಹೈಡ್ರೊಜನ್ನಿನವೆಂದು ಎಣಿಸಿದ್ದರು. ಅವು ಒಂದು ಎಲೆಕ್ಟ್ರಾನನ್ನು ಕಳೆದುಕೊಂಡ ಹೀಲಿಯಮ್ಮಿನವು ಎಂದನು ಬೋರ್. ಹೀಲಿಯಮ್ಮಿನ ಬೀಜದ ಆವೇಶ ಎರಡು. ಆದುದರಿಂದ ಅದರ ನಿಯತಾಂಕವು ಹೈಡ್ರೊಜನ್ನಿನದರ ನಾಲ್ಕರಷ್ಟಾಗಬೇಕು. ರೋಹಿತವನ್ನು ಅಳೆಯುವುದರಲ್ಲಿ ನುರಿತ ಫೌಲರನು ಒಡನೆಯೇ ಆಕ್ಷೇಪಿಸಿದನು: ಅಳತೆಯಲ್ಲಿ ಬರುವುದು 4 ಅಲ್ಲ, 4.0016. ಇಷ್ಟು ಕಿರಿದಾದ ಅಂತರವನ್ನು ಮತ್ತೊಬ್ಬನು ಅಳತೆಯ ದೋಷವೆಂದು ತಳ್ಳಿಹಾಕುತ್ತಿದ್ದನೋ ಏನೋ. ಬೋರನು ತಳ್ಳಿಹಾಕಲಿಲ್ಲ. ಬೀಜವನ್ನು ಅಚಲವೆಂದು ಎಣಿಸಿದ್ದೇ ತಪ್ಪು. ಅದಕ್ಕೂ ಮಿತವಾದ ರಾಶಿಯಿದೆ, ಅದೂ ಎಲೆಕ್ಟ್ರಾನೂ ಸಮಾನ ಗುರುತ್ವಕೇಂದ್ರವೊಂದರ ಸುತ್ತ ಸುತ್ತುತ್ತವೆ. ಹೀಲಿಯಮ್ಮಿನ ಬೀಜವು ಹೈಡ್ರೊಜನ್ನಿನದಕ್ಕಿಂತ ನಾಲ್ಕು ಪಟ್ಟು ಭಾರವಾದುದರಿಂದ ಅದರ ಚಲನೆ ಕಡಮೆ. ಹೀಗೆ ತಿದ್ದಿದಾಗ ಲೆಕ್ಕವು ಕೊಟ್ಟ ಅಂಕಿ 4.00163. ಆಲ್ಫಕಣದ ಮಾತೇ ಇಲ್ಲದ ಕಡೆ, ಬೆಳಕಿನ ರೇಖೆಯೊಂದರಲ್ಲಿ, ಪರಮಾಣುಬೀಜದ ರಾಶಿ ಗೋಚರವಾಗಿತ್ತು.

ಬೀಜದ ಆವೇಶವನ್ನು ಗೋಚರಪಡಿಸಿದವನು ಮೋಸ್ಲಿ. ಆವರ್ತಕೋಷ್ಟಕದಲ್ಲಿ ಧಾತುವಿನ ಸ್ಥಾನಸಂಖ್ಯೆಯೇ ಅದರ ಕೇಂದ್ರಾವೇಶವೆಂದು ಡಚ್ ದೇಶದ ವಾನ್ ಡೆನ್ ಬ್ರೂಕನು ಊಹಿಸಿದ್ದನು. ಅದನ್ನು ಪರೀಕ್ಷಿಸಲು ಮೋಸ್ಲಿ 1913ರಲ್ಲಿ ಕ್ಯಾಲ್ಸಿಯಮ್ಮಿನಿಂದ ಸತುವಿನವರೆಗಿನ ಹತ್ತು ಧಾತುಗಳ ಕ್ಷ-ಕಿರಣ ರೋಹಿತಗಳನ್ನು ತೆಗೆದನು. ಪ್ರಧಾನ ರೇಖೆಯ ಆವೃತ್ತಿಯ ವರ್ಗಮೂಲವು ಒಂದು ಧಾತುವಿನಿಂದ ಮುಂದಿನ ಧಾತುವಿಗೆ ಸಮಸಮನಾದ ಹೆಜ್ಜೆಯಿಟ್ಟು ಏರುತ್ತಿತ್ತು. ಪರಮಾಣುತೂಕದಲ್ಲಿ ಕೋಬಾಲ್ಟು ನಿಕಲ್ಲಿಗಿಂತ ಹೆಚ್ಚು. ಆದರೆ ಈ ಏಣಿಯಲ್ಲಿ ಕೋಬಾಲ್ಟಿನ ಮೆಟ್ಟಿಲು 27, ನಿಕಲ್ಲಿನದು 28. ರಸಾಯನಶಾಸ್ತ್ರಜ್ಞರು ಗುಣಗಳನ್ನು ನೋಡಿ, ತೂಕದ ಕ್ರಮವನ್ನು ಮೀರಿ ಇವೆರಡನ್ನು ಇರಿಸಿದ್ದುದು ಸರಿಯೇ ಆಗಿತ್ತು. 1914ರಲ್ಲಿ ಅವನು ಏಣಿಯನ್ನು ಚಿನ್ನದವರೆಗೆ ಬೆಳೆಸಿದಾಗ 43, 61, 75ನೆಯ ಮೆಟ್ಟಿಲುಗಳು ಬರಿದಾಗಿ ಉಳಿದುವು. 1925ರಲ್ಲಿ ರೀನಿಯಮ್, 1937ರಲ್ಲಿ ಟೆಕ್ನೀಷಿಯಮ್, 1945ರಲ್ಲಿ ಪ್ರೊಮೀಥಿಯಮ್ ದೊರೆತು ಅವು ತುಂಬಿದುವು. ಇವುಗಳಲ್ಲಿ ಒಂದನ್ನೂ ಮೋಸ್ಲಿ ಕಾಣಲಿಲ್ಲ. 1915ನೆಯ ಆಗಸ್ಟ್ 10ರಂದು ಗಲಿಪೊಲಿಯ ಯುದ್ಧದಲ್ಲಿ ಗುಂಡಿಗೆ ಬಲಿಯಾದಾಗ ಅವನಿಗೆ ಇಪ್ಪತ್ತೇಳು ವರ್ಷ.

ಆ ಏಣಿಯಲ್ಲಿ ಚಿನ್ನದ ಸಂಖ್ಯೆ 79. ರದರ್‌ಫರ್ಡನ 100 ಸ್ಥೂಲವಾದ ಅಂದಾಜಾಗಿತ್ತು, ಅಷ್ಟೆ. ಆಲ್ಫಕಣಗಳೇ ಈ ಸಂಖ್ಯೆಗಳನ್ನು ನೇರವಾಗಿ ನುಡಿಯಲು ಯುದ್ಧ ಮುಗಿಯಬೇಕಾಯಿತು. 1920ರಲ್ಲಿ ಚಾಡ್ವಿಕ್ಕನು ಚದುರಿಕೆಯ ಪ್ರಯೋಗವನ್ನು ಸೂಕ್ಷ್ಮತರವಾಗಿ ನಡೆಸಿ ತಾಮ್ರ, ಬೆಳ್ಳಿ, ಪ್ಲಾಟಿನಮ್ಮುಗಳ ಬೀಜಾವೇಶವನ್ನು ಅಳೆದನು. ಅವನಿಗೆ ದೊರೆತ ಬೆಲೆಗಳು 29.3, 46.3, 77.4, ಅವುಗಳ ಪರಮಾಣುಸಂಖ್ಯೆಗಳು 29, 47, 78.